ಘಟ್ಟದ ಮೇಲೆ, ಘಟ್ಟದ ಕೆಳಗೆ

ಹೆಣ್ಣು ಕೊಡುವ ಮಾತು ಬಂತೆಂದರೆ ನಮ್ಮ ಬಾರ್ಕೂರಿನ ಕಡೆ ಹಿರಿಯರು ಮೊದಲು ಕೇಳುವುದು, "ಘಟ್ಟದ್ ಮೇಲೋ, ಕೆಳ್ಗೋ?" ಎಂದು. ಕೆಳಗಾದರೆ ಮಗಳು ಹಬ್ಬಕ್ಕೂ ಹುಣ್ಣಿಮೆಗೂ ಬಂದು ಹೋಗಿಯಾಳು. ಮೇಲಾದರೆ ಮಳೆಗಾಲದ ನಾಲ್ಕು ತಿಂಗಳು ಅವಳ ಮುಖ ಕಾಣುವುದು ಕಷ್ಟ ಎಂಬುದು ಅವರ ಲೆಕ್ಕ. ನಾವು ಮಗಳನ್ನು ಕೊಟ್ಟದ್ದು ಮೇಲಕ್ಕೇ, ತೀರ್ಥಹಳ್ಳಿಯ ಕಡೆಗೆ. ಆ ನೆಪದಲ್ಲಿ ನಾನು ಘಟ್ಟ ಹತ್ತಿ ಇಳಿದದ್ದಕ್ಕೆ ಲೆಕ್ಕವಿಲ್ಲ. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಸಹ್ಯಾದ್ರಿಯ ಭೂಗೋಳ, ಬಸ್ಸಿನ ಕಿಟಕಿ ಪಕ್ಕ ಕುಳಿತು ಕುಳಿತು ಈಗ ತಲೆಗೆ ಹತ್ತಿದೆ. ಅದನ್ನೇ ನಿಮ್ಮೊಡನೆ ಹಂಚಿಕೊಳ್ಳೋಣವೆಂದು ಕುಳಿತಿದ್ದೇನೆ.

ಬಾರ್ಕೂರು ನೋಡದವರಿಗೆ ಎರಡು ಮಾತು. ಇದು ಉಡುಪಿ ಜಿಲ್ಲೆಯ ಬ್ರಹ್ಮಾವರ ತಾಲೂಕಿನಲ್ಲಿ, ಸೀತಾನದಿಯ ದಂಡೆಯ ಮೇಲಿರುವ ಹಳೇ ಊರು. ಒಂದು ಕಾಲಕ್ಕೆ ಆಳುಪ ಅರಸರ ರಾಜಧಾನಿ. ವಿಜಯನಗರದವರ ಕಾಲದಲ್ಲಿ ಬಾರಕೂರು ರಾಜ್ಯ ಎಂದೇ ಒಂದು ಸೀಮೆ ಇತ್ತು. ದಿನಕ್ಕೊಂದರಂತೆ ವರ್ಷಕ್ಕೆ 365 ದೇವಸ್ಥಾನಗಳಿದ್ದವೆಂದು ಹೇಳುತ್ತಾರೆ. ಈಗಲೂ ಕೇರಿಗೊಂದರಂತೆ ಗುಡಿ, ಬಸದಿಗಳಿವೆ. ಬಂದರೆ ಕತ್ತಲೆ ಬಸದಿಯನ್ನೂ ಕೋಟೆಕೇರಿಯ ಪಂಚಲಿಂಗೇಶ್ವರ ದೇವಸ್ಥಾನವನ್ನೂ ನೋಡದೆ ಹೋಗಬೇಡಿ. ಆದರೆ ಇವತ್ತು ನಾನು ಹೇಳಹೊರಟದ್ದು ಊರಿನ ಪೂರ್ವಕ್ಕೆ ಕಾಣುವ ನೀಲಿ ಗೋಡೆಯ ವಿಷಯ.

ದೀಪಾವಳಿ ಕಳೆದು ಮೋಡವೆಲ್ಲ ಬಿಟ್ಟ ಮೇಲೆ, ಬೆಳಿಗ್ಗೆ ಗದ್ದೆಯ ಅಂಚಿನಲ್ಲಿ ನಿಂತು ಮೂಡು ದಿಕ್ಕಿಗೆ ನೋಡಿದರೆ ಆ ಗೋಡೆ ಸ್ಪಷ್ಟವಾಗಿ ಕಾಣುತ್ತದೆ. ತೆಂಗಿನ ತಲೆಗಳ ಹಿಂದೆ ಉದ್ದಕ್ಕೆ ಎಳೆದಿಟ್ಟ ಗೆರೆ. ನಾವು ಅದನ್ನು ಸಹ್ಯಾದ್ರಿ ಎನ್ನುವುದಿಲ್ಲ, ಪಶ್ಚಿಮ ಘಟ್ಟ ಎನ್ನುವುದಂತೂ ಇಲ್ಲವೇ ಇಲ್ಲ. ನಮಗೆ ಅದು ಬರೀ 'ಘಟ್ಟ'. ಅಲ್ಲ, ನೀವೇ ಹೇಳಿ, ಅದು ನಮಗೆ ಮೂಡುದಿಕ್ಕಿಗಿದೆ; ಪಶ್ಚಿಮ ಹೇಗಾದೀತು? ಇಡೀ ಭಾರತದ ನಕ್ಷೆಯಲ್ಲಿ ಅದು ಪಶ್ಚಿಮದ ಅಂಚು ಎಂಬುದು ಮಗಳ ಪುಸ್ತಕ ಬಿಡಿಸಿ ನೋಡಿದಾಗಲೇ ನನಗೆ ಸರಿಯಾಗಿ ಹೊಳೆದದ್ದು.

ಆ ನಕ್ಷೆಯಲ್ಲಿ ಬೆರಳಿಟ್ಟು ನೋಡಿ. ಗುಜರಾತ್ ಮತ್ತು ಮಹಾರಾಷ್ಟ್ರದ ಗಡಿಯಲ್ಲಿ, ತಾಪಿ ನದಿಯ ದಕ್ಷಿಣಕ್ಕೆ ಈ ಬೆಟ್ಟಸಾಲು ಶುರುವಾಗುತ್ತದೆ. ಗುಜರಾತ್, ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ, ತಮಿಳುನಾಡು ಎಂದು ಆರು ರಾಜ್ಯಗಳನ್ನು ಮುಟ್ಟಿಕೊಂಡು, ಸುಮಾರು 1600 ಕಿಲೋಮೀಟರ್ ಓಡಿ, ಕನ್ಯಾಕುಮಾರಿಯ ಹತ್ತಿರ ನಿಲ್ಲುತ್ತದೆ. ಇಷ್ಟು ಉದ್ದದಲ್ಲಿ ಅಗಲವಾಗಿ ಬಾಗಿಲು ತೆರೆದಂತೆ ಬಿಟ್ಟಿರುವುದು ಕೇರಳದ ಪಾಲಕ್ಕಾಡಿನ ಬಳಿ ಮಾತ್ರ. ಅಲ್ಲಿ ಮೂವತ್ತು ಕಿಲೋಮೀಟರಿನಷ್ಟು ಅಗಲಕ್ಕೆ ಬೆಟ್ಟವೇ ಇಲ್ಲ. ಉಳಿದೆಡೆಯೆಲ್ಲ ಹತ್ತಿಯೇ ದಾಟಬೇಕು. ಎಲ್ಲಕ್ಕಿಂತ ಎತ್ತರದ ಶಿಖರ ಕೇರಳದ ಆನಮುಡಿ, 2695 ಮೀಟರ್. ನಮ್ಮ ರಾಜ್ಯದಲ್ಲಿ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಗೆ ಮೊದಲ ಸ್ಥಾನ, 1900 ಮೀಟರಿಗೂ ಮಿಕ್ಕಿದ ಎತ್ತರ.

ನಮ್ಮ ಕಡೆಯವರು ಮುಂಬೈಗೆ ಹೋಗುವ ಕೊಂಕಣ ರೈಲು 1998ರಲ್ಲಿ ಪೂರ್ತಿಯಾಗಿ ಆರಂಭವಾಯಿತು. ಬಾರ್ಕೂರಿನಲ್ಲೂ ಒಂದು ನಿಲ್ದಾಣವಿದೆ. ಆ ರೈಲಿನಲ್ಲಿ ಬಲಗಡೆಯ ಕಿಟಕಿ ಹಿಡಿದು ಕುಳಿತರೆ ಘಟ್ಟವೂ ಜತೆಗೇ ಬರುತ್ತದೆ. ನಿದ್ದೆ ಮಾಡಿ ಎದ್ದರೂ ಅದೇ ಗೋಡೆ. ಸುರಂಗಗಳೇ ತೊಂಬತ್ತಕ್ಕೂ ಹೆಚ್ಚು. ಒಳಗೆ ಮಾತ್ರ ಭಾಷೆ ಬದಲಾಗುತ್ತಾ ಹೋಗುತ್ತದೆ. ಚಾ ಮಾರುವವನು ಕನ್ನಡ ಬಿಟ್ಟು ಕೊಂಕಣಿ, ಕೊಂಕಣಿ ಬಿಟ್ಟು ಮರಾಠಿ ಮಾತಾಡುತ್ತಾನೆ.

ಹಿಮಾಲಯದಷ್ಟು ದೊಡ್ಡದಲ್ಲ, ಒಪ್ಪಿದೆ. ಅದು 2400 ಕಿಲೋಮೀಟರ್ ಉದ್ದ. ಪಾಕಿಸ್ತಾನ, ಭಾರತ, ಚೀನಾದ ಟಿಬೆಟ್, ನೇಪಾಳ, ಭೂತಾನ ಎಂದು ಐದು ದೇಶಗಳಿಗೆ ಸೇರಿದ್ದು. ನಮ್ಮ ಘಟ್ಟ ದಾಟಲು ಪಾಸ್‌ಪೋರ್ಟ್ ಬೇಡ. ಹಾಗೆಂದು ಅದು ಗಡಿಯಾಗಿರಲಿಲ್ಲ ಎನ್ನಬೇಡಿ. 1956ರ ನವೆಂಬರ್ 1ರ ತನಕ ಘಟ್ಟದ ಮೇಲೆ ಮೈಸೂರು ರಾಜ್ಯ, ಘಟ್ಟದ ಕೆಳಗೆ ಮದರಾಸು. ನಮ್ಮತ್ತೆ ಹುಟ್ಟಿದ್ದು ಮದರಾಸಿನವರಾಗಿ! ಬಾರ್ಕೂರು ಬಿಟ್ಟು ಹೋಗದೆಯೇ ಅವರು ರಾಜ್ಯ ಬದಲಾಯಿಸಿದವರು.

ವಯಸ್ಸಿನಲ್ಲಿ ಮಾತ್ರ ಹಿಮಾಲಯವೇ ನಮ್ಮ ಘಟ್ಟದ ಮುಂದೆ ಚಿಕ್ಕ ಮಗು. ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ, ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ ಬನ್ನಿ. ಅಲ್ಲಿ ಕಂಬಗಳನ್ನು ಕಟ್ಟು ಕಟ್ಟಿ ನಿಲ್ಲಿಸಿದಂತೆ ಕಲ್ಲುಗಳಿವೆ. ಮಕ್ಕಳು ಅವುಗಳ ಮೇಲೆ ಹತ್ತಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅವು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭೂಮಿಯೊಳಗಿಂದ ಉಕ್ಕಿ ಬಂದ ಲಾವಾ ತಣಿದು ಆದ ಕಲ್ಲುಗಳು. ಅಲ್ಲಿಯ ತನಕ ಮಡಗಾಸ್ಕರ್ ನಮಗೆ ಅಂಟಿಕೊಂಡೇ ಇತ್ತಂತೆ. ಅದು ಹರಿದು ದೂರ ಸರಿದಾಗ, ತುಂಡಾದ ಭೂಮಿಯ ಅಂಚು ಮೇಲೆದ್ದು ನಿಂತದ್ದೇ ನಮ್ಮ ಘಟ್ಟಕ್ಕೆ ಮೂಲ ಎನ್ನುತ್ತಾರೆ ಬಲ್ಲವರು. ಹಲಸಿನ ಹಣ್ಣನ್ನು ಹೋಳು ಮಾಡಿದಾಗ ಕೊಯ್ದ ಕಡೆ ಕಡಿದಾಗಿ, ಹಿಂಬದಿ ಇಳಿಜಾರಾಗಿ ಇರುತ್ತದಲ್ಲ, ಘಟ್ಟವೂ ಹಾಗೆಯೇ. ನಮ್ಮ ಕಡೆಯಿಂದ ನೋಡಿದರೆ ನೆಟ್ಟಗೆ ಗೋಡೆ. ಮೇಲೆ ಹತ್ತಿದರೆ ಬೆಟ್ಟ ಎಲ್ಲಿ ಮುಗಿಯಿತೆಂದೇ ತಿಳಿಯದಂತೆ ಮೆಲ್ಲಗೆ ಪೂರ್ವಕ್ಕೆ ಇಳಿಯುತ್ತದೆ. ಮಹಾರಾಷ್ಟ್ರದ ಕಡೆಯ ಘಟ್ಟದ ಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಇನ್ನೊಮ್ಮೆ ಲಾವಾ ಹರಿದು ಪದರ ಪದರ ಕಪ್ಪುಕಲ್ಲಾಗಿದೆ. ಹಿಮಾಲಯ ಏಳಲು ಶುರುವಾದದ್ದು ಆಮೇಲೆ, ಸುಮಾರು ಐದು ಕೋಟಿ ವರ್ಷಗಳ ಹಿಂದೆ. ಶ್ರೀಲಂಕಾದ ಬೆಟ್ಟಗಳಲ್ಲಿರುವ ಗಿಡಮರ, ಕಪ್ಪೆ, ಹಾವುಗಳಿಗೂ ನಮ್ಮ ಘಟ್ಟದವಕ್ಕೂ ನೆಂಟಸ್ತನ ಎಷ್ಟೆಂದರೆ, ವಿಜ್ಞಾನಿಗಳು ಜೀವರಾಶಿಯ ಲೆಕ್ಕದಲ್ಲಿ ಎರಡನ್ನೂ ಸೇರಿಸಿ ಒಂದೇ ಪ್ರದೇಶವೆಂದು ಪರಿಗಣಿಸುತ್ತಾರೆ. ನೋಡಿ, ನೆಂಟಸ್ತನ ಸಮುದ್ರ ದಾಟಿಯೂ ಉಳಿದಿದೆ.

ಇರಲಿ, ಈಗ ಬಸ್ಸು ಹತ್ತೋಣ. ನಮಗೆ ಹತ್ತಿರದ ಘಾಟಿ ಎಂದರೆ ಆಗುಂಬೆ. ನೇರ ಗೆರೆ ಎಳೆದರೆ ಬಾರ್ಕೂರಿನಿಂದ ಸರಿ ಪೂರ್ವಕ್ಕೆ, ನಲವತ್ತು ಕಿಲೋಮೀಟರಿಗೂ ಕಡಿಮೆ. ಬ್ರಹ್ಮಾವರದಿಂದ ಹೆಬ್ರಿ, ಹೆಬ್ರಿಯಿಂದ ಸೋಮೇಶ್ವರ. ಸೋಮೇಶ್ವರ ಬಂತೆಂದರೆ ಸೆಕೆ ಮುಗಿಯಿತು ಎಂದೇ ತಿಳಿಯಿರಿ. ಅಲ್ಲಿಂದ ಮೇಲೆ 14 ಹೇರ್‌ಪಿನ್ ತಿರುವುಗಳು. ರಸ್ತೆ ಕಿರಿದು, ತಿರುವು ಬಿಗಿ, ಹಾಗಾಗಿ ಸಣ್ಣ ಬಸ್ಸುಗಳೇ ಓಡಾಡುವುದು. ಹೊಟ್ಟೆ ತೊಳಸುವವರು ಹತ್ತುವ ಮೊದಲು ಚಾ ಕುಡಿಯಬೇಡಿ. ಒಂದು ನಿಂಬೆಹಣ್ಣು ಸೆರಗಿನಲ್ಲಿ ಕಟ್ಟಿಕೊಳ್ಳಿ, ಮುಂದಿನ ಸೀಟಿನಲ್ಲಿ ಕುಳಿತು ದೂರಕ್ಕೆ ನೋಡುತ್ತಿರಿ. ನಾನು ಮೊದಲ ನಾಲ್ಕು ಸಲ ಕಣ್ಣು ಮುಚ್ಚಿಕೊಂಡೇ ಹತ್ತಿದವಳು. ಐದನೆಯ ಸಲ ಕಣ್ಣು ಬಿಟ್ಟೆ. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಮರಗಳ ತಲೆ. ಬುಡ ಎಲ್ಲಿದೆಯೋ ದೇವರಿಗೇ ಗೊತ್ತು!

ಮೇಲಿನ ತಿರುವಿನಲ್ಲಿ ಸೂರ್ಯಾಸ್ತ ನೋಡುವ ಕಟ್ಟೆ ಇದೆ. ಚಳಿಗಾಲದ ಶುಭ್ರ ಸಂಜೆಗಳಲ್ಲಿ ಅಲ್ಲಿಂದ ಅರಬ್ಬೀ ಸಮುದ್ರವೇ ಕಾಣುತ್ತದೆ. ಎಂದರೆ ನಡುವೆ ನಮ್ಮ ಬಾರ್ಕೂರೂ ಬಿದ್ದುಕೊಂಡಿರುತ್ತದೆ, ಹಸಿರಿನ ಅಡಿಯಲ್ಲಿ. ಮಳೆಗಾಲದಲ್ಲಿ ಹೋದರೆ ಪಕ್ಕದಲ್ಲಿ ನಿಂತ ಗಂಡನೂ ಕಾಣುವುದಿಲ್ಲ, ಅಷ್ಟು ಮಂಜು. ಆಗುಂಬೆ ಪೇಟೆ ಸಣ್ಣದು; ಶಂಕರನಾಗ್ ದೂರದರ್ಶನಕ್ಕಾಗಿ 1980ರ ದಶಕದಲ್ಲಿ 'ಮಾಲ್ಗುಡಿ ಡೇಸ್' ಚಿತ್ರೀಕರಿಸಿದ್ದು ಇಲ್ಲೇ. ಸುತ್ತಲಿನ ಕಾಡು ಕಾಳಿಂಗ ಸರ್ಪಗಳಿಗೆ ಹೆಸರುವಾಸಿ. ನಾನು ನೋಡಿಲ್ಲ, ನೋಡುವ ಆಸೆಯೂ ಇಲ್ಲ. ಉಂಬಳಗಳನ್ನು ಮಾತ್ರ ಬೇಕಾದಷ್ಟು ನೋಡಿದ್ದೇನೆ. ಮಳೆಗಾಲದಲ್ಲಿ ಹೋಗುವವರು ಒಂದು ಪೊಟ್ಟಣ ಉಪ್ಪು ಇಟ್ಟುಕೊಳ್ಳಿ. ಕಚ್ಚಿದ್ದನ್ನು ಕಿತ್ತೆಳೆಯಬಾರದು, ಉಪ್ಪು ತಾಗಿಸಿದರೆ ತಾನೇ ಬಿಡುತ್ತದೆ.

ಈ ಆಗುಂಬೆಯ ಎತ್ತರ ಸುಮಾರು 650 ಮೀಟರ್, ಅಷ್ಟೆ. ಆದರೂ ಇಲ್ಲಿ ಸುರಿಯುವ ಮಳೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು. ನಮ್ಮ ಉಡುಪಿಯ ಕಡೆ ನಾಲ್ಕು ಸಾವಿರದ ಆಸುಪಾಸು. ಅದೇ ಘಟ್ಟ ದಾಟಿ ಪೂರ್ವಕ್ಕೆ ಹೋಗುತ್ತಾ ಹೋಗುತ್ತಾ ಶಿವಮೊಗ್ಗದಲ್ಲಿ ಸಾವಿರದೊಳಗೆ. ಚಿತ್ರದುರ್ಗ ತಲಪಿದರೆ ಐದಾರು ನೂರು. ಹೀಗೇಕೆ ಎಂಬುದನ್ನು ಒಲೆಯ ಮುಂದೆ ನಿಲ್ಲುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಕುಚ್ಚಲಕ್ಕಿ ಗಂಜಿ ಕುದಿಯುವಾಗ ಮುಚ್ಚಳ ಎತ್ತಿ ನೋಡಿ. ಹಬೆ ಹೋಗಿ ತಣ್ಣಗಿನ ಮುಚ್ಚಳಕ್ಕೆ ತಾಗಿ, ಹನಿಯಾಗಿ ಕೆಳಗಿಳಿಯುತ್ತದೆ. ಸಮುದ್ರದಿಂದ ನೀರು ಹೊತ್ತು ಬರುವ ಮುಂಗಾರು ಗಾಳಿ ನಮ್ಮ ತಲೆಯ ಮೇಲೆ ಹಾದು ಘಟ್ಟಕ್ಕೆ ತಾಗುತ್ತದೆ. ಮುಂದೆ ದಾರಿಯಿಲ್ಲ, ಮೇಲೇರಲೇಬೇಕು. ಮೇಲೇರಿದಂತೆ ತಣಿಯುತ್ತದೆ, ತಣಿದಂತೆ ಹೊತ್ತದ್ದನ್ನು ಇಳಿಸುತ್ತದೆ. ಆಚೆ ಬದಿಗೆ ಇಳಿಯುವಷ್ಟರಲ್ಲಿ ಕೊಡ ಬಹುಪಾಲು ಖಾಲಿ. ಚಿತ್ರದುರ್ಗದವರ ಪಾಲಿನದು ಆಗುಂಬೆಯಲ್ಲೇ ಖರ್ಚಾಯಿತೆನ್ನಿ.

ಮಳೆ ಬರುವ ದಿಕ್ಕಿನ ಲೆಕ್ಕವೂ ನಮ್ಮ ಮನೆಗಳಲ್ಲಿ ಚೆನ್ನಾಗಿದೆ. ಜೂನಿನ ಮಳೆ ಪಡುವಣದ ಸಮುದ್ರದಿಂದ. ಏಪ್ರಿಲ್, ಮೇ ಸಂಜೆಗಳ ಗುಡುಗು ಮಳೆ, ತುಲಾ ಮಾಸದ ಮಳೆ ಬರುವುದು ಘಟ್ಟದ ಕಡೆಯಿಂದ. ಹಲಸಿನ ಹಪ್ಪಳ ಒಣಹಾಕಿದ ದಿನ ಅತ್ತೆ ಸೂರಿನ ಕೆಳಗೆ ಕುಳಿತು ಪೂರ್ವಕ್ಕೇ ಕಣ್ಣಿಟ್ಟಿರುತ್ತಾರೆ. "ಮೂಡ್ ಕಪ್ಪಾಯ್ತ್ ಹೆಣೆ, ಹಪ್ಳ ಒಳ್ಗ್ ತಕಂಬಾ!" ಎಂದು ಅವರು ಕೂಗಿದ ಹತ್ತು ನಿಮಿಷದಲ್ಲಿ ಹನಿ ಬಿತ್ತೆಂದೇ ಲೆಕ್ಕ.

ಬಿದ್ದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೂ ಸೊಗಸು. ಆಗುಂಬೆಯ ಬೆಟ್ಟದ ನೆತ್ತಿಯಲ್ಲಿ ಒಂದೇ ಮೋಡದಿಂದ ಎರಡು ಹನಿ ಬಿದ್ದವೆಂದುಕೊಳ್ಳಿ. ಪಶ್ಚಿಮಕ್ಕೆ ಬಿದ್ದದ್ದು ಸೀತಾನದಿ ಸೇರುತ್ತದೆ. ಕೂಡ್ಲು ತೀರ್ಥದಲ್ಲಿ ಧುಮುಕಿ, ಹೆಬ್ರಿಯ ಕಡೆಯ ಕಾಡು ದಾಟಿ, ನೀಲಾವರದ ಮಹಿಷಮರ್ದಿನಿಯ ಪಕ್ಕ ಹಾದು, ನಮ್ಮ ಬಾರ್ಕೂರಿಗೆ ಬಂದು, ಮುಂದೆ ಸ್ವರ್ಣಾ ನದಿಯ ಜತೆಗೂಡಿ ಕೋಡಿಬೆಂಗ್ರೆಯಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಪೂರ್ವಕ್ಕೆ ಬಿದ್ದದ್ದು ಮಾಲತಿ ಹೊಳೆ ಸೇರಿ, ತುಂಗೆಗೆ ಬಿದ್ದು, ಕೂಡ್ಲಿಯಲ್ಲಿ ಭದ್ರೆಯೊಡನೆ ಕೂಡಿ, ಹೊಸಪೇಟೆಯ ಅಣೆಕಟ್ಟಿನಲ್ಲಿ ನಿಂತು, ಕೃಷ್ಣೆಯಾಗಿ, ಆಂಧ್ರವನ್ನೆಲ್ಲ ಸುತ್ತಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದು ಮನೆಯ ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬಳನ್ನು ಪಕ್ಕದ ಊರಿಗೆ, ಇನ್ನೊಬ್ಬಳನ್ನು ದೇಶಾಂತರಕ್ಕೆ ಕೊಟ್ಟ ಹಾಗೆ! ಕರಾವಳಿಯ ನದಿಗಳೆಲ್ಲ ಹೀಗೆ ಗಿಡ್ಡ, ಅವಸರದವು. ಕುಂದಾಪುರದಲ್ಲಿ ಸಮುದ್ರ ಸೇರುವ ವಾರಾಹಿ, ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಕಗಳೂ ಅಷ್ಟೆ.

ಈ ಅವಸರದ ನದಿಯ ಬಾಯಲ್ಲೇ ಹಿಂದೆ ಬಾರ್ಕೂರು ಬಂದರಾಗಿ ಬೆಳೆದದ್ದು. 14ನೆಯ ಶತಮಾನದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ 'ಫಾಕನೂರ್' ಎಂದು ಬರೆದದ್ದು ನಮ್ಮೂರನ್ನೇ ಎನ್ನುತ್ತಾರೆ. ಘಟ್ಟದ ಮೇಲಿಂದ ಹೇರೆತ್ತುಗಳ ಮೇಲೆ ಒಳ್ಳೆಮೆಣಸು, ಏಲಕ್ಕಿ, ಅಡಿಕೆ ಇಳಿಯುತ್ತಿತ್ತು. ಕೆಳಗಿನಿಂದ ಉಪ್ಪು, ಒಣಮೀನು, ತೆಂಗಿನಕಾಯಿ ಹತ್ತುತ್ತಿತ್ತು. ಈಗಲೂ ನಾನು ಮಗಳ ಮನೆಗೆ ಹೋಗುವಾಗ ಕೈಯಲ್ಲಿರುವುದು ತೆಂಗಿನಕಾಯಿ, ಕೊಬ್ಬರಿ ಎಣ್ಣೆ. ಬರುವಾಗ ಒಳ್ಳೆಮೆಣಸು, ವಾಟೆಹುಳಿ, ಉಪ್ಪಿನಲ್ಲಿ ಹಾಕಿದ ಅಪ್ಪೆಮಿಡಿ. ಆ ಮಿಡಿಯ ಸೊನೆಯ ಘಮ ನಮ್ಮ ಕಡೆಯ ಮಾವಿಗೆ ಬರುವುದಿಲ್ಲ, ನಿಜ ಹೇಳಬೇಕಲ್ಲ. ಮಳೆಗಾಲದಲ್ಲಿ ಬೀಗಿತ್ತಿ ಮರಗೆಸುವಿನ ಪತ್ರೊಡೆ ಮಾಡುತ್ತಾರೆ. ಮರದ ಪೊಟರೆಗಳಲ್ಲಿ ತಾನಾಗಿ ಹುಟ್ಟುವ ಎಲೆ ಅದು, ಹುಳಿ ಸ್ವಲ್ಪ ಮುಂದಿಟ್ಟು ರುಬ್ಬಿದರೆ ಗಂಟಲು ತುರಿಸುವುದಿಲ್ಲ. ಅನ್ನ ಮಾತ್ರ ಬೆಳ್ತಿಗೆ ಅಕ್ಕಿಯದು. ಎರಡು ದಿನವಾಗುವಷ್ಟರಲ್ಲಿ ನನಗೆ ಕುಚ್ಚಲಕ್ಕಿ ಗಂಜಿ ನೆನಪಾಗುತ್ತದೆ.

ಇಷ್ಟೆಲ್ಲ ಚೆಂದ ಹೇಳಿದೆ. ಈಗ ಹೆದರಿದ್ದನ್ನೂ ಹೇಳುತ್ತೇನೆ. ಮೂರು ವರ್ಷಗಳ ಹಿಂದೆ ಮಗಳ ಚೊಚ್ಚಲ ಬಸಿರು. ಏಳನೆಯ ತಿಂಗಳಲ್ಲಿ ಬಯಕೆ ಊಟ ಮುಗಿಸಿ ಕರೆತರಬೇಕು. ಅದು ಬಿದ್ದದ್ದು ಸರಿಯಾಗಿ ಆಷಾಢದ ಮಳೆಗೆ. ನಾವು ಹೊರಟ ಬೆಳಿಗ್ಗೆ ಆಗುಂಬೆ ಘಾಟಿಯಲ್ಲಿ ಧರೆ ಕುಸಿದು ರಸ್ತೆಗೆ ಮಣ್ಣು ಬಿದ್ದಿದೆ, ಬಸ್ಸಿಲ್ಲ ಎಂದರು. ಹುಲಿಕಲ್ ಘಾಟಿಯಿಂದ, ಹೊಸಂಗಡಿ, ಸಿದ್ದಾಪುರದ ಮೇಲೆ ಸುತ್ತು ಹಾಕಿ ಇಳಿಯೋಣ ಎಂದು ಜೀಪು ಮಾಡಿಕೊಂಡೆವು. ಅಲ್ಲೂ ಅಡ್ಡಲಾಗಿ ಮರ. ಎರಡು ತಾಸು ಮಳೆಯಲ್ಲಿ ನಿಂತಿದ್ದೆವು. ಮಗಳು ನನ್ನ ಕೈ ಹಿಡಿದು, "ಅಮ್ಮಾ, ವಾಪಸು ಹೋಗುವನಾ?" ಎಂದಳು. ಹಿಂದೆ ನೋಡಿದರೆ ರಸ್ತೆಯೇ ಹೊಳೆಯಾಗಿದೆ. ಯಾರೋ ಗರಗಸ ತಂದರು, ಜೀಪಿನವನೂ ಇಳಿದು ಮರ ಕೊಯ್ದ. ಬಾರ್ಕೂರು ತಲಪಿದಾಗ ರಾತ್ರಿ ಒಂಬತ್ತು. ಮಗುವೂ ತಾಯಿಯೂ ಚೆನ್ನಾಗಿದ್ದಾರೆ, ದೇವರು ದೊಡ್ಡವನು. ಆದರೆ ಅಂದಿನಿಂದ ನಮ್ಮ ಕಡೆಯ ಬಸುರಿಯರಿಗೆ ನಾನು ಹೇಳುವ ಮಾತು ಒಂದೇ. ಶಾಸ್ತ್ರದ ತಿಂಗಳು ನೋಡಬೇಡಿ, ಮಳೆ ಶುರುವಾಗುವ ಮೊದಲೇ ಇಳಿದುಬಿಡಿ.

ಕುಸಿಯುವುದೇಕೆ? ಕಲ್ಲಿನ ಮೇಲೆ ಕೂತ ಮಣ್ಣು ನೀರು ಕುಡಿದು ಭಾರವಾಗುತ್ತದೆ. ಬೇರುಗಳು ಹಿಡಿದಿಟ್ಟಿದ್ದರೆ, ನೀರಿಗೆ ಹೋಗಲು ಜಾಗವಿದ್ದರೆ ನಿಲ್ಲುತ್ತದೆ. ಬುಡವನ್ನೇ ನೆಟ್ಟಗೆ ಕಡಿದರೆ ಜಾರುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಸಂಪಾಜೆ, ಶಿರಾಡಿ ಎರಡೂ ದಾರಿಗಳು ಮುಚ್ಚಿದವು. 2024ರ ಜುಲೈ 16ರಂದು ಅಂಕೋಲದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೇ ಬಂತು. ನಮ್ಮ ಬೈಂದೂರಿನಲ್ಲೂ ಒಂದು ಶಿರೂರು ಇದೆ, ನೋಡಿ; ಆ ದಿನ ಅಲ್ಲಿಯದೇ ಎಂದುಕೊಂಡು ಎಷ್ಟು ಜನ ಗಾಬರಿಯಾದರೋ. ಅದೇ ತಿಂಗಳ 30ರಂದು ವಯನಾಡಿನಲ್ಲಿ ಇನ್ನೂರಕ್ಕೂ ಹೆಚ್ಚು ಜನ ಮಲಗಿದಲ್ಲೇ ಹೋದರು. ಇವೆಲ್ಲ ಒಂದೇ ಗೋಡೆಯ ಬೇರೆ ಬೇರೆ ಕಡೆ.

ಮಳೆಗಾಲದಲ್ಲಿ ಈ ಭಯವಾದರೆ ಬೇಸಿಗೆಯಲ್ಲಿ ಬೇರೆಯೇ ಸಂಕಟ. ಮಾರ್ಚ್ ಮುಗಿಯುತ್ತಿದ್ದಂತೆ ನಮ್ಮ ಬಾವಿಯ ನೀರು ಉಪ್ಪಾಗುತ್ತದೆ. ಹೊಳೆಯ ಹತ್ತಿರದ ಮನೆಗಳವರಿಗೆಲ್ಲ ಇದೇ ಪಾಡು. ತೊಗರಿಬೇಳೆ ಎಷ್ಟು ವಿಶಲ್ ಕೂಗಿಸಿದರೂ ಬೇಯುವುದಿಲ್ಲ, ಚಾ ಒಡೆದ ಹಾಗಾಗುತ್ತದೆ, ತಲೆಗೆ ಹಾಕಿದ ಸೀಗೆ ನೊರೆ ಬಿಡುವುದಿಲ್ಲ. ಮೇಲಿಂದ ಬರುವ ಸಿಹಿನೀರಿನ ಹರಿವು ಸಣಕಲಾದಾಗ ಭರತದ ಸಮುದ್ರದ ನೀರು ಹೊಳೆಯೊಳಗೆ ಏರಿ ಬರುತ್ತದೆ. ಅದನ್ನು ತಡೆಯಲೆಂದೇ ಮಳೆ ಮುಗಿದ ಮೇಲೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಹಾಕುತ್ತಾರೆ. ಹಲಗೆ ಹಾಕಿದರೂ ಮೇಲಿಂದ ನೀರು ಬರಬೇಕಲ್ಲ?

ಆ ನೀರನ್ನು ಬೇಸಿಗೆಗಾಗಿ ಎತ್ತಿಡುವುದು ಘಟ್ಟದ ಕಾಡು. ತರಗೆಲೆಯ ಹಾಸಿಗೆ ಮಳೆಯನ್ನು ಓಡಗೊಡದೆ ಹೀರುತ್ತದೆ. ಬೇರಿನ ದಾರಿಯಲ್ಲಿ ಬಂಡೆಯ ಬಿರುಕಿಗಿಳಿದ ನೀರು ತಿಂಗಳುಗಟ್ಟಲೆ ಒರತೆಯಾಗಿ ಜಿನುಗುತ್ತದೆ. ಕಾಡು ಬೋಳಾದರೆ ಜೂನಿನಲ್ಲೇ ಎಲ್ಲ ಬಂದು ನಮ್ಮ ಗದ್ದೆ ಮುಳುಗಿಸಿ ಹೋದೀತು, ಏಪ್ರಿಲ್‌ಗೆ ಏನೂ ಉಳಿಯದು. ಸೀತೆಯ ಪುಣ್ಯ, ಅವಳ ಕಾಡು ತಕ್ಕಮಟ್ಟಿಗೆ ಉಳಿದಿದೆ. ಸೋಮೇಶ್ವರ 1974ರಲ್ಲೇ ಅಭಯಾರಣ್ಯವಾಯಿತು. 2012ರಲ್ಲಿ ಯುನೆಸ್ಕೋದವರು ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಅದರಲ್ಲಿ ಸೋಮೇಶ್ವರವೂ ಆಗುಂಬೆಯೂ ಇದ್ದವು. ಆ ಕಡೆ ಕುದುರೆಮುಖದಲ್ಲಿ ಕಬ್ಬಿಣದ ಅದಿರು ತೆಗೆಯುವುದು ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತ್ತು.

ಆದರೆ ಈ ಮಾತು ತೆಗೆದರೆ ಬೀಗಿತ್ತಿಗೂ ನನಗೂ ಪ್ರತಿ ಸಲ ವಾದ. ಮಾಧವ ಗಾಡ್ಗೀಳರ ಸಮಿತಿ 2011ರಲ್ಲಿ, ಕಸ್ತೂರಿರಂಗನ್ ಸಮಿತಿ 2013ರಲ್ಲಿ ಘಟ್ಟ ಉಳಿಸುವ ಬಗೆಗೆ ವರದಿ ಕೊಟ್ಟಾಗಿನಿಂದ ಅವರ ಊರಿನಲ್ಲಿ ನೆಮ್ಮದಿಯಿಲ್ಲ. ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟದಿಂದ ದರಕು ತರಲು ಬಿಡುತ್ತಾರೋ ಇಲ್ಲವೋ, ಮಗನಿಗೊಂದು ಮನೆ ಕಟ್ಟಲು ಯಾವ ಆಫೀಸಿಗೆ ಅಲೆಯಬೇಕೋ ಎಂಬ ಹೆದರಿಕೆ. ಅದು ಸುಳ್ಳು ಹೆದರಿಕೆ ಎಂದು ನಾನು ಹೇಳಲಾರೆ. ಅವರು ತಲೆತಲಾಂತರದಿಂದ ಬೆಟ್ಟ ಕಾದವರು; ದರಕು ತಂದವರಿಗೂ ಗುಡ್ಡವನ್ನೇ ಯಂತ್ರದಿಂದ ಕಡಿದವರಿಗೂ ಒಂದೇ ಕಾನೂನು ಎಂದರೆ ಯಾರಿಗಾದರೂ ಸಿಟ್ಟು ಬಂದೀತು. ಆದರೆ ಕೆಳಗಿರುವ ನಮ್ಮನ್ನು ಕೇಳುವವರು ಯಾರು? ಸಭೆಗಳಲ್ಲಿ ತೋಟದ ಯಜಮಾನರು ಮಾತಾಡುತ್ತಾರೆ, ಅಧಿಕಾರಿಗಳು ಮಾತಾಡುತ್ತಾರೆ. ಉಪ್ಪುನೀರಿನಲ್ಲಿ ಬೇಳೆ ಬೇಯಿಸುವವಳು ಮಾತಾಡಿದ್ದನ್ನು ನಾನು ಕಂಡಿಲ್ಲ.

"ಅಲ್ಲ ಅತ್ತಿಗೆ, ನಮ್ಮ ಅಂಗಳದ ನೀರು ತುಂಗೆಗೆ ಹೋಗ್ತದೆ, ಆಂಧ್ರಕ್ಕೆ. ನಿಮ್ಮ ಬಾವಿ ಉಪ್ಪಾದ್ರೆ ನಾವೆಂತ ಮಾಡೂದು ಮಾರಾಯ್ರೆ?" ಎಂದು ಬೀಗಿತ್ತಿ ನಗುತ್ತಾರೆ. ಭೂಗೋಳದ ಲೆಕ್ಕದಲ್ಲಿ ಅವರ ಮಾತೇ ಸರಿ, ನನಗೆ ಉತ್ತರ ಹೊಳೆಯುವುದಿಲ್ಲ. ಕಳೆದ ವರ್ಷ ಏಪ್ರಿಲ್‌ನಲ್ಲಿ ಅವರು ನಾಲ್ಕು ದಿನ ನಮ್ಮಲ್ಲಿಗೆ ಬಂದಿದ್ದರು. ಮೊದಲ ಲೋಟ ಚಾ ಬಾಯಿಗಿಟ್ಟವರು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಈ ವರ್ಷ ಬಂದಾಗ ಕಾರಿನ ಹಿಂದುಗಡೆಯಿಂದ ಇಪ್ಪತ್ತು ಲೀಟರಿನ ಎರಡು ಕ್ಯಾನುಗಳನ್ನು ಇಳಿಸಿದರು. ಅವರ ಬಾವಿಯ ನೀರು, ತುಂಗೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗಬೇಕಾದದ್ದು. ಅದರಲ್ಲಿ ತೊಗರಿಬೇಳೆ ಎರಡೇ ವಿಶಲ್‌ಗೆ ಬೆಂದಿತು.